ಎಂಟೆಳೆ ದಾರದ ತಾತ

ಹೋದ ವಾರ ಬ್ಲೌಸಿನ ಹುಕ್ಸ್ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಬೆರಳಿಗೆ ಏನೋ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಎಳೆದರೆ ಚರ್ಮಕ್ಕೇ ಕಚ್ಚಿತು. ಹೊಲಿಗೆ ದಾರವಾಗಿದ್ದರೆ ಅಷ್ಟು ಎಳೆತಕ್ಕೆ ಪಟ್ಟೆಂದು ತುಂಡಾಗಬೇಕಿತ್ತು. ಬೆಳಕಿಗೆ ಹಿಡಿದು ನೋಡಿದೆ. ಗೇಣುದ್ದದ ಮೀನು ಹಿಡಿಯುವ ದಾರ, ಹೆಣೆದದ್ದು. ಒಂದು ಕಾಲಕ್ಕೆ ಪಾಚಿಯಷ್ಟು ಹಸಿರಾಗಿತ್ತು, ಈಗ ಬಿಳಚಿಕೊಂಡಿದೆ. ಮೂಗಿನ ಹತ್ತಿರ ತಂದೆ. ಓಮದ ವಾಸನೆ ಇನ್ನೂ ಇತ್ತು, ಅಥವಾ ಇದೆ ಅಂತ ನನಗನ್ನಿಸಿತು...

ಓಮ, ಹುರಿದ ಕಡಲೆಕಾಯಿ ಹಿಂಡಿ, ಹಳೇ ರಟ್ಟಿನ ಡಬ್ಬಿಗಳು. ಶಿವಾಜಿನಗರದಲ್ಲಿ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದ್ದ ಗಾಳದಂಗಡಿಯ ವಾಸನೆ ಅದು. ಒಂದು ಬೀರು ಹಿಡಿಸುವಷ್ಟು ಜಾಗ. ಅದರೊಳಗೆ ರಾಡುಗಳು, ಗಾಳಗಳು, ದಾರದ ಉಂಡೆಗಳು, ಮೀನಿಗೆ ಹಾಕಲು ಅಂಗಡಿಯ ಯಜಮಾನರೇ ಕುಟ್ಟಿಟ್ಟ ಹಿಂಡಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವರು. ಬೋರ್ಡಿನ ಮೇಲೆ ಹೆಸರು ಇತ್ತೋ ಏನೋ, ನಾನು ಓದಲಿಲ್ಲ. ಗಲ್ಲಿಯವರೆಲ್ಲ ತಾತ ಎನ್ನುತ್ತಿದ್ದರು, ನಾನೂ ತಾತ ಎಂದೆ.

ನಾನು ಹಲಸೂರಿನ ಟೈಲರ್. ಕಮರ್ಷಿಯಲ್ ಸ್ಟ್ರೀಟಿನ ಎರಡು ಸೀರೆ ಅಂಗಡಿಗಳ ಬ್ಲೌಸುಗಳು ಇವತ್ತಿಗೂ ನನ್ನ ಮೆಷಿನ್ನಿಗೇ ಬರುತ್ತವೆ, ಜಂಬ ಅಂದುಕೊಂಡರೂ ಪರವಾಗಿಲ್ಲ. ಮೀನು ಹಿಡಿಯುವ ಹುಚ್ಚು ನನ್ನದಲ್ಲ, ಗಂಡ ಮತ್ತು ಮೈದುನನದ್ದು. ಭಾನುವಾರ ಬಂದರೆ ಇಬ್ಬರೂ ಕೆ.ಆರ್. ಪುರದಾಚೆಯ ಒಂದು ಹೊಂಡಕ್ಕೆ ಹೋಗುತ್ತಿದ್ದರು. ತೋಟದ ಯಜಮಾನರು ಮೀನು ಸಾಕಿ, ರಜೆಯ ದಿನ ಗಾಳ ಹಾಕುವವರಿಗೆ ದಡ ಬಿಟ್ಟುಕೊಡುತ್ತಿದ್ದ ಜಾಗ. ಮೊದಮೊದಲು ನಾನು ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹೋದವಳು. ಮೂರನೇ ಭಾನುವಾರ ಗಂಡ ಮರದಡಿ ಗೊರಕೆ ಹೊಡೆಯುತ್ತಿದ್ದಾಗ ರಾಡಿನ ತುದಿ ಬಾಗಿತು. ನಾನೇ ಎಳೆದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಜಿಲೇಬಿ ಮೀನು, ಅಷ್ಟೇ. ಅಂದಿನಿಂದ ಚಿತ್ರಾನ್ನ ಕಲಸುವುದು ಗಂಡನ ಕೆಲಸವಾಯಿತು.

ಇದನ್ನು ಮೈದುನನಿಗೆ ಸಹಿಸಲಾಗಲಿಲ್ಲ. ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. ಆ ಹೊಂಡದಲ್ಲಿ ಒಂದು ಭಾರಿ ಕಾಟ್ಲಾ ಇತ್ತು. ಬೆನ್ನು ಕಾಣಿಸಿ ಮುಳುಗುತ್ತಿತ್ತು, ಸಿಕ್ಕಿದಂತೆ ಮಾಡಿ ಹರಿದುಕೊಂಡು ಹೋಗುತ್ತಿತ್ತು. ಮೈದುನನ ನೈಲಾನ್ ದಾರವನ್ನೇ ಎರಡು ಸಲ ತುಂಡು ಮಾಡಿತ್ತು. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು, "ಅದನ್ನ ನಾನು ಹಿಡೀತೀನಿ" ಅಂದುಬಿಟ್ಟೆ.

ಮೈದುನ ನಕ್ಕು ನಕ್ಕು ಕೆಮ್ಮಿದ. "ಅತ್ತಿಗೆ, ನೀವು ಬ್ಲೌಸ್ ಹೊಲ್ಕೊಂಡಿರಿ. ಅದನ್ನ ಹಿಡಿದ್ರೆ ನಾನೇ ಕ್ಲೀನ್ ಮಾಡಿ, ನಾನೇ ಸಾರು ಮಾಡಿ, ಪಾತ್ರೆನೂ ತೊಳೀತೀನಿ."

"ಹಿಡೀದಿದ್ರೆ?"

"ಮತ್ತೆ ರಾಡ್ ಮುಟ್ಟಂಗಿಲ್ಲ."

ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹಿಂದೆ ಸರಿಯುವ ಜಾಯಮಾನ ನನ್ನದಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ವಾರವಿಡೀ ಮೆಷಿನ್ ತುಳಿಯುವವಳಿಗೆ ಆ ದಡದ ಮೇಲೆ ಕೂರುವ ಮೂರು ಗಂಟೆ ಎಷ್ಟು ದೊಡ್ಡದು ಅಂತ ಅವನಿಗೇನು ಗೊತ್ತು! ಅದೊಂದು ಹೋದರೆ ನನಗೆ ಅಂತ ಉಳಿಯುವುದು ಏನೂ ಇರಲಿಲ್ಲ.

ಹಾಗೆ ತಾತನ ಅಂಗಡಿ ಮೆಟ್ಟಿಲು ಹತ್ತಿದ್ದು. ಹೊಂಡದ ಕಾಟ್ಲಾ ವಿಷಯ ಹೇಳಿ, ನೈಲಾನ್‌ಗಿಂತ ಗಟ್ಟಿ ದಾರ ಬೇಕು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಎರಡು ದಾರ ಕೈಗೆ ಕೊಟ್ಟು, "ಕಣ್ಮುಚ್ಚಿ ಉಗುರು ಆಡಿಸಿ ಅಮ್ಮಾ" ಅಂದರು. ಒಂದು ಗರಗಸದಂತೆ ಉಗುರಿಗೆ ತಡೆಯುತ್ತಿತ್ತು, ಇನ್ನೊಂದು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು.

"ತಡೆಯೋದು ನಾಲ್ಕೆಳೆ. ಕಲ್ಲು, ಮುಳ್ಳು ಇರೋ ಕಡೆಗೆ ಅದು ಸರಿ. ಜಾರೋದು ಎಂಟೆಳೆ. ದೂರ ಹೋಗುತ್ತೆ, ಸದ್ದಿಲ್ದೆ ಹೋಗುತ್ತೆ. ನಿಮ್ಮ ಹೊಂಡಕ್ಕೆ ಎಂಟೆಳೆನೇ. ಪ್ಯಾಕೆಟ್ ಮೇಲೆ ಇಷ್ಟು ಕೆ.ಜಿ. ತಡೆಯುತ್ತೆ ಅಂತ ಬರೆದಿರೋದನ್ನ ನಂಬಬೇಡಿ, ದಪ್ಪ ಎಷ್ಟಿದೆ ಅಂತ ನೋಡಿ."

ನಾನು ತೆಳ್ಳಗಿನ ಪಾಚಿ ಬಣ್ಣದ್ದನ್ನು ಆರಿಸಿದೆ. "ರಾಡಿನ ರೀಲು ತಗೊಂಡು ಶುಕ್ರವಾರ ಮಧ್ಯಾಹ್ನ ಬನ್ನಿ, ಸುತ್ತಿಕೊಟ್ಟು ಎಳೆದು ನೋಡೋಣ" ಅಂದರು. ನನಗೆ ನಗು ಬಂತು. ದಾರ ಸುತ್ತುವುದನ್ನು ಟೈಲರಿಗೆ ಹೇಳಿಕೊಡುವುದೇ! ಮನೆಗೆ ಬಂದವಳೇ ರೀಲಿನ ನುಣುಪು ಸ್ಪೂಲಿಗೆ ಬಾಬಿನ್ ಸುತ್ತುವ ಹಾಗೆಯೇ ಸುತ್ತಿದೆ. ಮೊದಲ ನಾಲ್ಕು ಸುತ್ತಿಗೆ ಬೆರಳು ಒತ್ತಿ, ಮೇಲಿಂದ ಅಚ್ಚುಕಟ್ಟಾಗಿ, ಸಾಲು ತಪ್ಪದ ಹಾಗೆ. ನೋಡಲು ಎಷ್ಟು ಚೆಂದ ಇತ್ತೆಂದರೆ ಗಂಡನನ್ನು ಕರೆದು ತೋರಿಸಿದೆ.

ಭಾನುವಾರ ಕಾಟ್ಲಾ ಬಂತು. ರಾಡು ಬಿಲ್ಲಿನ ಹಾಗೆ ಬಾಗಿತು. ದಡದಲ್ಲಿದ್ದವರೆಲ್ಲ ಎದ್ದು ನಿಂತರು. ನಾನು ಹಿಡಿಕೆ ತಿರುಗಿಸಿದೆ, ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ... ದಾರ ಒಂದು ಇಂಚೂ ಒಳಗೆ ಬರಲಿಲ್ಲ. ಮೀನು ಆರಾಮಾಗಿ ಜೊಂಡಿನೊಳಗೆ ಹೋಗಿ ಗಾಳ ಕಿತ್ತುಕೊಂಡಿತು.

"ಮುದುಕ ನಿಮ್ಗೆ ಡೂಪ್ಲಿಕೇಟ್ ಮಾರಿದ್ದಾನೆ, ಅತ್ತಿಗೆ" ಅಂದ ಮೈದುನ. ಹೆಣೆದ ದಾರವೇ ಮೋಸ ಅಂತ ದಡದವರೆಲ್ಲ ದನಿಗೂಡಿಸಿದರು. ನನ್ನ ಮುಖ ನೋಡಿ ಅವನಿಗೂ ಪಾಪ ಅನ್ನಿಸಿರಬೇಕು, "ಇನ್ನೊಂದು ಭಾನುವಾರ ಕೊಡ್ತೀನಿ, ಅದೇ ಲಾಸ್ಟು" ಅಂದ. ಆ ದಯೆ ನನ್ನನ್ನು ಇನ್ನಷ್ಟು ಉರಿಸಿತು.

ಸೋಮವಾರ ಬೆಳಿಗ್ಗೆ ತಾತನ ಅಂಗಡಿ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಗಿರಾಕಿಗಳಿದ್ದರು, ಎದುರು ಸಾಲಿನ ನೈಟಿ ಅಂಗಡಿಯ ಹೆಂಗಸು ಹೊರಗೆ ಬಂದು ನೋಡಿದಳು. ತಾತ ರೀಲು ಈಸಿಕೊಂಡರು. ದಾರದ ತುದಿ ಹಿಡಿದು ಎಳೆದರು. ಸುತ್ತಿದ ದಾರವೆಲ್ಲ ಒಂದೇ ಉಂಡೆಯಾಗಿ ಸ್ಪೂಲಿನ ಮೇಲೆ ಬಳೆಯ ಹಾಗೆ ಗಿರಗಿರ ತಿರುಗಿತು. ಆಮೇಲೆ ಆ ಅಚ್ಚುಕಟ್ಟಾದ ಸಾಲುಗಳ ಮೇಲೆ ಬೆರಳಾಡಿಸಿ ಕೇಳಿದರು, "ನೀವು ಟೈಲರ್ರಾ?"

ಹೌದು ಅಂದೆ.

"ಇಷ್ಟು ಚೆನ್ನಾಗಿ ಇನ್ಯಾರು ಸುತ್ತುತ್ತಾರೆ! ಹೊಲಿಗೆ ದಾರಕ್ಕೆ ಜುಂಗು ಇರುತ್ತಮ್ಮಾ, ಬಾಬಿನ್ನನ್ನ ಕಚ್ಕೊಳ್ಳುತ್ತೆ. ಇದು ರೇಷ್ಮೆಗಿಂತ ನುಣುಪು, ಬರೀ ಸ್ಪೂಲ್ ಮೇಲೆ ನಿಲ್ಲಲ್ಲ. ಒಳಗೆ ಅಸ್ತರ್ ಬಟ್ಟೆ ಇಲ್ದೆ ಬ್ಲೌಸ್ ಹೊಲೀತೀರಾ ನೀವು?"

ಎಲ್ಲರ ಮುಂದೆ ನನ್ನ ಕಿವಿ ಬಿಸಿಯಾಯಿತು. ಅವರು ನಗಲಿಲ್ಲ, ಅದಕ್ಕೇ ಇವತ್ತಿಗೂ ಕೈಮುಗಿಯುತ್ತೇನೆ. ದಾರವನ್ನೆಲ್ಲ ಬಿಚ್ಚಿ, ಅಡಿಯಲ್ಲಿ ಒಂದಿಷ್ಟು ಮಾಮೂಲಿ ನೈಲಾನ್ ದಾರ ಬಿಗಿಯಾಗಿ ಸುತ್ತಿ, ಅದರ ತುದಿಗೆ ಎಂಟೆಳೆಯನ್ನು ಗಂಟು ಹಾಕಿ, ಬಿಗಿಯಲು ನನ್ನ ಕೈಗೆ ಕೊಟ್ಟರು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಬೇಕು, ಒಣಗಿದ್ದನ್ನು ಎಳೆದರೆ ಬಿಸಿಗೆ ದಾರ ಸುಟ್ಟುಹೋಗುತ್ತದೆ ಅಂದರು. ಅದೊಂದು ನನಗೆ ಹೇಳಿಕೊಡಬೇಕಿರಲಿಲ್ಲ. ಸೂಜಿಗೆ ಪೋಣಿಸುವಾಗ ದಿನಕ್ಕೆ ನೂರು ಸಲ ನಾಲಿಗೆಗೆ ದಾರ ತಾಗಿಸುವವಳು ನಾನು. ನಾನು ಬಿಗಿದ ಗಂಟನ್ನು ಅವರು ಜಗ್ಗಿ ನೋಡಿ, "ಕೈ ಒಳ್ಳೇದಿದೆ, ಕೋಪ ಜಾಸ್ತಿ" ಅಂದರು.

ಈ ಸಲ ತಪ್ಪಿಸದೆ, ರಾಡು ಹಿಡಿದು ಶುಕ್ರವಾರ ಮಧ್ಯಾಹ್ನ ಹೋದೆ. ನಮಾಜಿನ ಹೊತ್ತಿಗೆ ಗಲ್ಲಿ ಖಾಲಿಯಾಗುತ್ತದೆ, ಅರ್ಧ ಅಂಗಡಿಗಳಿಗೆ ಶಟರ್ ಬಿದ್ದಿರುತ್ತದೆ. ತಾತ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು, ನನ್ನ ದಾರದ ತುದಿ ಹಿಡಿದು ಸ್ಟೂಲಿನಿಂದ ಇಳಿದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು ಅವರಿಗೆ.

"ಈಗ ನಾನೇ ಮೀನು. ಕಾಟ್ಲಾ ಬಾಯಿ ಬಲು ಮೆತ್ತಗೆ, ಜಗ್ಗಿದ್ರೆ ಹರಿದು ಹೋಗುತ್ತೆ. ನಾನು ಎರಡೇ ಬೆರಳಲ್ಲಿ ಹಿಡಿದಿರ್ತೀನಿ. ಜಾರಿದ್ರೆ ಮೀನು ಹೋಯ್ತು ಅಂತ ಲೆಕ್ಕ."

ನಡೆದು ನಡೆದು ಗಲ್ಲಿಯ ಕೊನೆಗೆ ಹೋಗಿ, ಸಾಲಾಗಿ ನೇತುಹಾಕಿದ್ದ ನೈಟಿಗಳ ಹಿಂದೆ ಮರೆಯಾದರು. ಅಲ್ಲಿಂದ ಕೂಗಿದರು, "ನಾನು ಕಾಣಬಾರ್ದು, ನೀರಲ್ಲಿ ಮೀನು ಕಾಣುತ್ತಾ? ತೋರುಬೆರಳು ದಾರದ ಮೇಲಿಡಿ. ನೈಲಾನ್ ಹಿಗ್ಗುತ್ತೆ, ಅರ್ಧ ವಿಷಯ ನುಂಗಿಬಿಡುತ್ತೆ. ಇದು ಹಿಗ್ಗಲ್ಲ, ಏನೂ ಮುಚ್ಚಿಡಲ್ಲ."

ನಿಜ. ಅವರು ಕೆಮ್ಮಿದ್ದು ಕಿವಿಗಿಂತ ಮೊದಲು ನನ್ನ ಬೆರಳಿಗೆ ಬಂತು. ಅವರು ಓಡಿದರೆ ಒಂದು ಎಳೆತ ಗಟ್ಟಿ, ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ಮೆತ್ತಗೆ... ಆ ಎಡಗಾಲು ದಾರದಲ್ಲಿ ನಡೆದು ಬಂದ ಹಾಗಿತ್ತು.

ಮೂರು ಸಲ ಸೋತೆ. ಅವರು ಎಳೆದಾಗೆಲ್ಲ ನಾನೂ ಎಳೆದೆ, ಪ್ರತಿ ಸಲವೂ ದಾರ ಸಡಿಲಾಗಿ ಬಿತ್ತು. ನೈಟಿಗಳ ನಡುವಿನಿಂದ ತಲೆ ಹಾಕಿ, "ಬಾಯಿ ಹರೀತು ಟೈಲರಮ್ಮಾ" ಅನ್ನುತ್ತಿದ್ದರು. ನಾಲ್ಕನೇ ಸಲ ಹಲ್ಲು ಕಚ್ಚಿ ಕೋಪ ನುಂಗಿದೆ. ರೀಲಿನ ಬಿಗಿ ಸಡಿಲಿಸಿ, ಅವರು ಓಡಿದಾಗ ಓಡಲು ಬಿಟ್ಟೆ, ನಿಂತಾಗ ಮಾತ್ರ ಸುತ್ತಿದೆ. ಬಿಟ್ಟೆ, ಸುತ್ತಿದೆ. ಒಂದು ಹಳದಿ ನೈಟಿ ಅಲ್ಲಾಡಿತು. ಅದರ ಸಂದಿನಿಂದ ಮೊದಲು ತಾತನ ಬಟ್ಟೆ ಸುತ್ತಿದ ಬೆರಳು, ಆಮೇಲೆ ಮೂಗು, ಆಮೇಲೆ ಇಡೀ ತಾತ ಹೊರಗೆ ಬಂದರು. ಕುಂಟುತ್ತಾ, ನಗುತ್ತಾ, ನನ್ನ ರಾಡಿನ ತುದಿಯವರೆಗೆ! ನೈಟಿ ಅಂಗಡಿಯವಳು ಜೋರಾಗಿ ಚಪ್ಪಾಳೆ ತಟ್ಟಿದಳು.

ಆ ಭಾನುವಾರದ ವಿಷಯ ಹೇಳಲು ಕೂತರೆ ನಾನು ನಿಲ್ಲಿಸುವುದಿಲ್ಲ, ಮನೆಯವರೆಲ್ಲ ಕೈಮುಗಿದು ಎದ್ದು ಹೋಗುತ್ತಾರೆ. ಚಿಕ್ಕದಾಗಿ ಹೇಳುತ್ತೇನೆ. ಹಿಂಡಿಗೆ ಓಮ ಸೇರಿಸಿದ್ದೆ. ಬ್ಲೌಸಿನ ಅಸ್ತರ್ ತುಂಡಿನಿಂದ ಬೆರಳಿಗೆ ಒಂದು ಟೋಪಿ ಹೊಲಿದುಕೊಂಡಿದ್ದೆ, ದಾರ ಕೊಯ್ಯದಿರಲಿ ಅಂತ. ಬಿಸಿಲೇರುವ ಹೊತ್ತಿಗೆ ಬೆರಳಿಗೆ ಯಾರೋ ಮುತ್ತು ಕೊಟ್ಟ ಹಾಗಾಯಿತು, ಅಷ್ಟು ಮೆತ್ತಗೆ. ಆಮೇಲೆ ರೀಲು ಕಿರುಚಿತು. ಓಡಲು ಬಿಟ್ಟೆ. ಮೈದುನ, "ಎಳೀರಿ ಅತ್ತಿಗೆ, ಎಳೀರಿ!" ಅಂತ ಕುಣಿದ. ನಾನು ಎಳೆಯಲಿಲ್ಲ. ಅದು ನಿಂತಿತು, ಸುತ್ತಿದೆ. ಮತ್ತೆ ಓಡಿತು, ಬಿಟ್ಟೆ. ಜೊಂಡಿನ ಹತ್ತಿರ ಹೋದಾಗಲೂ ಕೈ ಜಗ್ಗಲಿಲ್ಲ, ರಾಡನ್ನು ಪಕ್ಕಕ್ಕೆ ವಾಲಿಸಿ ಮೆಲ್ಲನೆ ತಿರುಗಿಸಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಅದು ದಡದ ಹತ್ತಿರ ಪಕ್ಕಕ್ಕೆ ಹೊರಳಿ, ತಟ್ಟೆಯಷ್ಟು ಅಗಲದ ಬೆಳ್ಳಿ ಹೊಟ್ಟೆ ತೋರಿಸಿತು. ಬಲೆಗೆ ಎತ್ತಿಕೊಂಡವನು ಮೈದುನನೇ. ತೂಕದ ಕೊಕ್ಕೆ ಹನ್ನೊಂದು ಕೆ.ಜಿ. ತೋರಿಸಿದಾಗ ನಾನು ಯಾವ ನಾಚಿಕೆಯೂ ಇಲ್ಲದೆ ಕೂಗಿಕೊಂಡೆ, ಗಂಡನನ್ನು ತಬ್ಬಿಕೊಂಡೆ, ಸೆರಗೆಲ್ಲ ಕೆಸರು.

ಮೈದುನ ಮಾತಿಗೆ ತಪ್ಪಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದ. ನಾನು ಮೂರು ಸಲ ಬಡಿಸಿಕೊಂಡು ತಿಂದೆ, ಅವನು ಪಾತ್ರೆ ತೊಳೆಯುವುದನ್ನು ಕುರ್ಚಿ ಹಾಕಿಕೊಂಡು ನೋಡಿದೆ.

ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಾಗ ತಾತ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, "ನಿಜ ಹೇಳು, ಯಾರು ಜೋರು? ಅದಾ, ನಾನಾ?"

"ನೀವೇ ತಾತ" ಅಂದೆ. ಅದು ಮುಖಸ್ತುತಿ ಆಗಿರಲಿಲ್ಲ.

ನನ್ನ ಮೊಬೈಲನ್ನೇ ಹಿಡಿದುಕೊಂಡು, "ನಮ್ಮ ಟೈಲರಮ್ಮ ಹಿಡಿದಿದ್ದು, ನಮ್ಮ ಎಂಟೆಳೇಲಿ" ಅಂತ ಗಲ್ಲಿಯ ಪ್ರತಿ ಅಂಗಡಿಗೂ ಹೋಗಿ ತೋರಿಸಿದರು. ಮುಂದಿನ ಸಲ ಹೋಗುವಾಗ ಅವರಿಗೆ ಒಂದು ಚೀಲ ಬೆರಳು ಟೋಪಿ ಹೊಲಿದು ಕೊಟ್ಟೆ. ಹೆಣೆದ ದಾರ ಕೊಂಡು, ಗಲ್ಲಿಯಲ್ಲಿ ತಮ್ಮನ್ನು ಎಳೆದು ಗೆದ್ದವರಿಗೆಲ್ಲ ಒಂದೊಂದು ಕೊಡುತ್ತಿದ್ದರಂತೆ. ಹೊಂಡದಲ್ಲಿ ಒಬ್ಬೊಬ್ಬರಾಗಿ ಎಂಟೆಳೆಗೆ ಬದಲಾದರು. ಯಾರ ಬೆರಳಲ್ಲಿ ನನ್ನ ಟೋಪಿ ಕಂಡರೂ, ಇವರು ತಾತನನ್ನು ಎಳೆದು ತಂದವರು ಅಂತ ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಮದುವೆ ಸೀಸನ್ನು, ಬ್ಲೌಸುಗಳ ರಾಶಿ, ಇವತ್ತು ಹೋಗೋಣ, ನಾಳೆ ಹೋಗೋಣ... ಕೊನೆಗೆ ಹೋದಾಗ ತಾತನ ಅಂಗಡಿ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ನೈಟಿ ಅಂಗಡಿಯವಳೇ ಗುರುತು ಹಿಡಿದು ಹೇಳಿದಳು, "ತಾತ ಹೋಗ್ಬಿಟ್ರಮ್ಮಾ, ಎರಡು ತಿಂಗಳಾಯ್ತು." ಅವಳ ಸ್ಟೂಲಿನ ಮೇಲೆ ಕೂತು ಅತ್ತೆ. ಅವಳು ಟೀ ತರಿಸಿ ಕೊಟ್ಟಳು.

ಹುಕ್ಸ್ ಡಬ್ಬಿಯಲ್ಲಿ ಸಿಕ್ಕ ಆ ತುಂಡು ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ. ಹೊಸ ಎಂಟೆಳೆ ತರಿಸಿದೆ. ಅಡಿಯಲ್ಲಿ ನೈಲಾನಿನ ಅಸ್ತರ್ ಹಾಕಿ, ಗಂಟಿಗೆ ಎಂಜಲು ಹಚ್ಚಿ, ರೀಲು ತುಂಬಿದೆ. ಭಾನುವಾರ ಬೆಳಿಗ್ಗೆ ಮೈದುನನನ್ನು ಕರೆದು ದಾರದ ತುದಿ ಕೊಟ್ಟೆ. ಗೊಣಗುತ್ತಲೇ ಹೋದ, ನಮ್ಮ ಬೀದಿಯ ಕೊನೆಯಲ್ಲಿ ಒಣಹಾಕಿದ್ದ ಸೀರೆಗಳ ಹಿಂದೆ ಮರೆಯಾದ. ನಾನು ತೋರುಬೆರಳನ್ನು ದಾರದ ಮೇಲಿಟ್ಟು ಕಾದೆ.

ನೈಲಾನ್ ಆಗಿದ್ದರೆ ಸ್ವಲ್ಪ ಹೊತ್ತಾದರೂ ಆ ತುದಿಯಲ್ಲಿ ತಾತ ಇದ್ದಾರೆ ಅಂತ ನನ್ನನ್ನು ನಾನು ನಂಬಿಸಿಕೊಳ್ಳಬಹುದಿತ್ತು. ಎಳೆತ ಬಂತು. ಗಟ್ಟಿ, ಗಟ್ಟಿ, ಗಟ್ಟಿ. ಎರಡೂ ಕಾಲು ಸರಿಯಿರುವವನ ಎಳೆತ. ಅವರಲ್ಲ.

ಕಣ್ಣು ಮಂಜಾಯಿತು, ಆದರೆ ಕೈ ಮರೆತಿರಲಿಲ್ಲ. ಓಡಲು ಬಿಟ್ಟೆ, ನಿಂತಾಗ ಸುತ್ತಿದೆ. ಎರಡು ಸೀರೆಗಳ ನಡುವಿನಿಂದ ಮೈದುನನ ಹೊಟ್ಟೆ ಮೊದಲು ಹೊರಗೆ ಬಂತು, ಆಮೇಲೆ ಬೆವರಿದ ಮುಖ. ರಾಡಿನ ತುದಿಯವರೆಗೆ ಬಂದು ಕೈ ಎತ್ತಿದ.

"ಸೋತೆ ಅತ್ತಿಗೆ, ಸಾಕಾ?"

"ಇನ್ನೊಂದ್ಸಲ ಹೋಗು" ಎಂದೆ. "ಈ ಸಲ ಸ್ವಲ್ಪ ಕುಂಟ್ಕೊಂಡು ಓಡು."