ಅಣ್ಣ ಕೂರುತ್ತಿದ್ದ ಮಡ್‌ಗಾರ್ಡ್

ಜೀಪಿಗೆ ಹಳೆಯ ಮಡ್‌ಗಾರ್ಡ್ ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಬರೀ ತಗಡಾದರೆ ಠಣ್ಣೆನ್ನುತ್ತದೆ, ತೂತು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಸದ್ದು ಸತ್ತಂತಿರುತ್ತದೆ. ನಾನಂತೂ ಜೇಬಿನಲ್ಲಿ ಅಯಸ್ಕಾಂತದ ಚೂರೊಂದನ್ನು ಇಟ್ಟುಕೊಂಡೇ ಹೋಗುವವನು. ಪುಟ್ಟಿ ಇದ್ದ ಕಡೆ ಅದು ಕಚ್ಚದೆ ಜಾರಿ ಬೀಳುತ್ತದೆ. ಇನ್ನೊಂದು ಮಾತು: ಬೇಕಾದ ಸಾಮಾನಿನ ಬೆಲೆಯನ್ನು ಮೊದಲು ಕೇಳಲೇಬೇಡಿ. ಬಾನೆಟ್ಟಿನದು ಕೇಳಿ, ಮೂತಿ ಸಿಂಡರಿಸಿ, ಹೊರಟು ನಿಂತಾಗ ಇದನ್ನು ಕೇಳಿ. ಇಷ್ಟೆಲ್ಲ ಬಲ್ಲ ನಾನು ಹುಣಸೂರಿನ ಟಿಂಕರಿಂಗ್ ಅಂಗಡಿಯಲ್ಲಿ ಒಂದು ದಿನ ಚೌಕಾಸಿಯನ್ನೇ ಮಾಡದೆ ಬಂದೆ.

ನಮ್ಮ ಜೀಪಿನ ಎಡಗಡೆ ಮಡ್‌ಗಾರ್ಡ್ ಅಣ್ಣನ ಜಾಗ. ಹಳೇ ಮಾದರಿಯ ಚಪ್ಪಟೆ ತಗಡು, ಒಬ್ಬರು ಕೂರುವಷ್ಟು ಅಗಲ. ಒಳಗೆ ಕೂತರೆ ಉಸಿರು ಕಟ್ಟುತ್ತದೆಂದು ಅವನು ಬಂಪರಿನ ಮೇಲೆ ಕಾಲಿಟ್ಟು ಅಲ್ಲೇ ಕೂರುತ್ತಿದ್ದ. ಎನ್. ಬೇಗೂರಿನ ಹತ್ತಿರ ನಮ್ಮ ಹೊಲಕ್ಕೆ ಹೋಗುವ ದಾರಿ ತೀರ ಕಿರಿದು, ಎರಡೂ ಕಡೆ ಲಂಟಾನ. ಅವನ ಬೆನ್ನು ಅಡ್ಡವಾಗಿ ರಸ್ತೆಯ ಎಡ ಅಂಚು ನನಗೆ ಕಾಣುತ್ತಿರಲಿಲ್ಲ. ಬೈದರೆ ಅವನು ತಿರುಗಿಯೂ ನೋಡದೆ, "ಜಾಗ ಅದೆ, ಬುಡ್ಲಾ!" ಎನ್ನುತ್ತಿದ್ದ.

ಅವನು ಸತ್ತದ್ದು ಮನೆಯ ಜಗಲಿಯಲ್ಲಿ, ಕಾಫಿ ಲೋಟ ಹಿಡಿದುಕೊಂಡೇ. ಜೀಪಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅವನು ಹೋದ ಮೇಲೂ ನನಗೆ ಎಡ ಅಂಚು ಕಾಣಲಿಲ್ಲ. ಬರಿದಾದ ತಗಡು ಕಣ್ಣೆದುರೇ ಇದೆ, ಅದರಾಚೆ ರಸ್ತೆಯಿದೆ. ಕತ್ತು ಮಾತ್ರ ಯಾರನ್ನೋ ದಾಟಿ ನೋಡುವಂತೆ ತಾನಾಗಿ ಎಡಕ್ಕೆ ವಾಲುತ್ತದೆ. ನಾನು ದೆವ್ವ ಭೂತ ಎಂದು ಕೂರುವ ಜನವಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣು ಚೆನ್ನಾಗಿದೆ ಎಂದರು.

ಹೋದ ಮಳೆಗಾಲದಲ್ಲಿ ಅಣ್ಣನ ಹೆಂಡತಿಯನ್ನು ಅವರ ತವರಿನಿಂದ ಕರೆತರುತ್ತಾ ಚುಂಚನಕಟ್ಟೆಯ ನಾಲೆ ಏರಿಯ ಮೇಲೆ ಬರುತ್ತಿದ್ದೆ. ಕತ್ತು ವಾಲಿತು, ಅದರ ಜೊತೆಗೆ ಕೈಯೂ. ಎಡ ಚಕ್ರ ಅಂಚು ಬಿಟ್ಟಿತು. ಅಲ್ಲೊಂದು ಕಲ್ಲುಕಂಬ ಮಡ್‌ಗಾರ್ಡನ್ನು ಮಡಿಸಿ ಹಾಕಿ ಜೀಪನ್ನು ತಡೆಯಿತು. ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಅತ್ತಿಗೆಯತ್ತ ತಿರುಗಿದೆ. ಅವರೂ ಮುಂದೆ ಯಾರೋ ಅಡ್ಡ ಕೂತಿದ್ದಾರೆಂಬಂತೆ ನನ್ನ ಕಡೆಗೆ ಕತ್ತು ವಾಲಿಸಿಕೊಂಡೇ ಇದ್ದರು.

ಹೊಲದ ಮೇಲ್ವಿಚಾರಣೆ ಈಗ ಅತ್ತಿಗೆಯದು. ದಿನಾ ನನ್ನ ಪಕ್ಕದಲ್ಲೇ ಕೂತು ಬರಬೇಕು. ಇನ್ನೊಮ್ಮೆ ಕೈ ವಾಲಿದರೆ ಅಲ್ಲೂ ಒಂದು ಕಲ್ಲು ಇರಬೇಕಲ್ಲ? ಯಾರೂ ಕೂರಲಾಗದ ಮಡ್‌ಗಾರ್ಡ್ ಹಾಕಿಸಿದರೆ ಇದು ನಿಲ್ಲುತ್ತದೆಂದು ಲೆಕ್ಕ ಹಾಕಿ ಅವರನ್ನೂ ಕರೆದುಕೊಂಡು ಅಂಗಡಿಗೆ ಹೋದೆ.

ಮೇಸ್ತ್ರಿ ಎರಡು ಮಡ್‌ಗಾರ್ಡ್ ತಂದು ಮುಂದಿಟ್ಟ. ಒಂದು ನಮ್ಮದರಂತೆಯೇ ಚಪ್ಪಟೆ. ಇನ್ನೊಂದು ದುಂಡಗೆ, ಮುಂದಕ್ಕೆ ಇಳಿಜಾರು. ನಾನು ತಟ್ಟಿದೆ, ಅಯಸ್ಕಾಂತ ಓಡಾಡಿಸಿದೆ.

"ಎಣ್ಣು ನೋಡಾಕ್ ಬಂದೋರೂ ಇಷ್ಟು ನೋಡಾಕಿಲ್ಲ ಕಣಣ್ಣ," ಎಂದ ಮೇಸ್ತ್ರಿ.

"ನೀನು ಪುಟ್ಟಿ ಮೆತ್ತಿರೋ ಎಣ್ಣು ತೋರುಸ್ತೀಯ, ಅದ್ಕೆ," ಎಂದೆ. ಆಮೇಲೆ ಇಳಿಜಾರಿನದರ ಮೇಲೆ ಕೈಯಿಟ್ಟೆ. "ಇದು ತಗಳಾಣ ಅತ್ತಿಗೆ. ಕೆಸರು ಕಮ್ಮಿ ಸಿಡೀತದೆ."

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಅಂಗೈ ಊರಿ ಭಾರ ಬಿಟ್ಟರು. ಕೈ ಸರ್ರನೆ ಜಾರಿತು.

"ಜಾರ್ತದಲ್ಲಪ್ಪ."

"ಜಾರ್ಲಿ ಬುಡಿ. ಅದ್ರ ಮ್ಯಾಲೆ ಯಾರು ಕುಂತ್ಕತಾರೆ?"

ಅತ್ತಿಗೆ ನನ್ನನ್ನೇ ನೋಡಿದರು. ದನಿ ತಗ್ಗಿಸಿದರು. "ನಿಮ್ಮಣ್ಣ ನಿಂಗೆ ಅಡ್ಡ ಆಯ್ತಾರೆ ಅಂತ ಗೊತ್ತು ಕಣಪ್ಪ. ನಂಗೂ ಆಯ್ತಾರೆ. ಅದ್ಕೆ ಕೆಳಿಕ್ಕೆ ತಳ್ಬುಡಾದಾ?"

ನಾನು ಇಳಿಜಾರಿನದರ ಮೇಲಿಂದ ಕೈ ತೆಗೆದೆ.

"ಎಡಗಡೆ ನಾನು ಆಚೆ ಬಗ್ಗಿ ನೋಡ್ಕಂಡು ಯೋಳ್ತೀನಿ. ನೀನು ನೆಟ್ಟಗೆ ಓಡ್ಸು," ಎಂದವರೇ ಮೇಸ್ತ್ರಿಗೆ ಚಪ್ಪಟೆಯದನ್ನು ತೋರಿಸಿ, "ಇದೇ ಇರ್ಲಿ" ಎಂದುಬಿಟ್ಟರು. ಬೆಲೆ ಕೇಳುವ ಮೊದಲೇ! ಮೇಸ್ತ್ರಿಯ ಮುಖ ಊರಗಲವಾಯಿತು. ಅವನು ಹೇಳಿದಷ್ಟನ್ನೂ ನಾನು ಎಣಿಸಿ ಕೊಟ್ಟೆ.

ಜೀಪಿಗೆ ಕೂರಿಸುವ ಮುಂಚೆ ಮೇಸ್ತ್ರಿ ತಗಡಿನ ಅಡಿಗೆ ಕೈ ಹಾಕಿ ನೋಡಿದ.

"ತಗಡು ತೆಳ್ಳಗದೆ. ಜನ ಕುಂತ್ಕಳಂಗಿದ್ರೆ ಯೋಳಿ, ಅಡೀಲಿ ಒಂದು ಕಬ್ಬಿಣದ ಪಟ್ಟಿ ಬೆಸೀತೀನಿ."

"ಒಬ್ರು ಕುಂತ್ಕತಾರೆ," ಎಂದರು ಅತ್ತಿಗೆ. "ಅಂತಾ ಭಾರ ಏನಿಲ್ಲ."

"ಆದ್ರೂ ಹಾಕಪ್ಪ," ಎಂದೆ ನಾನು. "ದಪ್ಪಂದೇ ಹಾಕು."