ಪಿಸುಮಾತಿನ ಪ್ರಾರ್ಥನೆ

ನೊಣವಿನಕೆರೆಯಲ್ಲಿ ನಾವು ಬಾಡಿಗೆಗಿದ್ದದ್ದು ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ. ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಅವರು ಲಿಂಗ ಕಟ್ಟಿದವರು, ನಾವು ಯೇಸುವನ್ನು ನಂಬಿದವರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿನ ಚರ್ಚಿಗೆ ಹೋಗಿ ಬರುತ್ತಿದ್ದೆವು. ಸಂಜೆ ಮನೆಯಲ್ಲೇ ಗಂಡ ಹೆಂಡತಿ ಮಗಳು ಕೂತು ಹಾಡಿ ಪ್ರಾರ್ಥಿಸುತ್ತಿದ್ದೆವು. ನನ್ನದು ಸಣ್ಣ ಗಂಟಲಲ್ಲ. ನಾನು ಹಾಡಿದರೆ ಓನರ್ ಮನೆ ಅಟ್ಟದಲ್ಲಿ ಒಣಗುತ್ತಿರುವ ಕಾಯಿಗಳೂ ಉರುಳುತ್ತವೆ ಎಂದು ಗಂಡ ಗೇಲಿ ಮಾಡುತ್ತಿದ್ದ.

ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಊರಿನ ಇಬ್ಬರು ಅವನನ್ನು ಅಡ್ಡಗಟ್ಟಿದರು. "ಏನ್ರೀ, ಮನೇಲಿ ಹಾಡು ಗೀಡು ಜೋರಂತೆ? ಯಾರ್ನ ಮತಾಂತರ ಮಾಡೋಕೆ? ಓನರ್‌ಗೆ ಹೇಳಿ ಖಾಲಿ ಮಾಡಿಸ್ತೀವಿ, ನೋಡ್ತಿರಿ."

ಮನೆಗೆ ಬಂದವನೇ ಗಂಡ ಬಾಗಿಲು ಹಾಕಿದ. "ಇನ್ಮೇಲೆ ಮೆತ್ತಗೆ ಪ್ರಾರ್ಥನೆ ಮಾಡೋಣ ಕಣೇ. ದೇವರಿಗೆ ಕೇಳಿಸ್ತದೆ."

"ದೇವರಿಗೆ ಕೇಳಿಸ್ತದೆ ಸರಿ, ನನಗೆ ಕೇಳಿಸೋದು ಬೇಡ್ವಾ?" ಎಂದು ರೇಗಿದೆ. ಹೆದರಿಕೆ ನನಗೂ ಇತ್ತು. ನನ್ನ ಹೊಲಿಗೆ ಮೆಷಿನ್ನು, ಬ್ಲೌಸ್ ಹೊಲಿಸಲು ಬರುವ ಹೆಂಗಸರು, ಮಗಳ ಸ್ಕೂಲು ಎಲ್ಲ ಅಲ್ಲೇ. ಇಂಥ ಕಾರಣಕ್ಕೆ ಖಾಲಿ ಮಾಡಿಸಿದರೆಂದು ಸುದ್ದಿಯಾದರೆ ಆ ಊರಲ್ಲಿ ಇನ್ಯಾರು ಮನೆ ಕೊಡುತ್ತಾರೆ? ಹಾಡು ಬಿಟ್ಟೆವು. ಕಳ್ಳರ ಹಾಗೆ ಪಿಸುಗುಟ್ಟಿ ಪ್ರಾರ್ಥಿಸಿದೆವು. ನಾಲ್ಕಾರು ಭಾನುವಾರ ಕಳೆಯುವಷ್ಟರಲ್ಲಿ, ಯಾವಾಗ ಮುಗಿಯುತ್ತದಪ್ಪಾ ಅನ್ನಿಸತೊಡಗಿತು. ನನ್ನ ಸಂತೋಷವೇ ಒಣಗಿಹೋಗಿತ್ತು.

ಅಂಥದ್ದೇ ಒಂದು ಭಾನುವಾರ ಸಂಜೆ ಓನರ್ ಬಾಗಿಲು ಬಡಿದರು. ಗಂಡ ಊರಲ್ಲಿರಲಿಲ್ಲ. ಅವರ ಮುಖ ಬಿಗಿದಿತ್ತು.

"ನಮ್ಮವ್ವ ಕರೀತಾವ್ಳೆ. ಈಗ್ಲೇ ಬರ್ಬೇಕಂತೆ."

ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಹೋಗುವುದೇ ಆದರೆ ನಾಲ್ಕು ಮಾತು ಆಡಿಯೇ ಹೋಗುವುದೆಂದು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ನಡೆದೆ. ಮುಂದಿನ ಕೋಣೆಯಲ್ಲಿ, ನಮ್ಮ ಮನೆಯ ಗೋಡೆಗೆ ಒತ್ತಿಕೊಂಡೇ ಅವರ ತಾಯಿಯ ಮಂಚವಿತ್ತು. ಹಣೆಯ ತುಂಬ ವಿಭೂತಿ ಬಳಿದುಕೊಂಡಿದ್ದ ಅಜ್ಜಿ ನನ್ನನ್ನು ಕಂಡದ್ದೇ ತಡ ಶುರು ಮಾಡಿದಳು.

"ಏನೇ, ಹಾಡು ನಿಲ್ಸಿಬುಟ್ಯಲ್ಲ, ಯಾಕೆ?"

"ನಿಮಗೆ ತೊಂದರೆ ಆಗಬಾರದು ಅಂತ ಅಜ್ಜಿ..."

"ತೊಂದ್ರೆನಾ? ಸೊಂಟ ಮುರ್ಕೊಂಡು ಇಲ್ಲೇ ಬಿದ್ದಿವ್ನಿ. ಬೆಳಗಾದ್ರೂ ಸೂರು ನೋಡ್ಬೇಕು, ಬೈಗಾದ್ರೂ ಸೂರು ನೋಡ್ಬೇಕು. ವಾರಕ್ಕೊಂದ್ಸಲ ನಿನ್ ದನಿ ಕೇಳಿ ನೋವು ಮರೀತಿದ್ದೆ. ಅದ್ನೂ ಕಿತ್ಕೊಂಡ್ಯಲ್ಲೇ ತಾಯಿ!"

ನಾಲ್ಕು ಮಾತು ಆಡಲು ಬಂದವಳಿಗೆ ಅಳು ಬಂತು.

"ನಿನ್ ದೇವ್ರು ನಿಂಗೆ, ನನ್ ಸಿವ ನಂಗೆ. ಹಾಡು ಇಬ್ರಿಗೂ. ಹಾಡೇ."

ಮಂಚದ ಪಕ್ಕ ಕೂತು, ಕಷ್ಟದಲ್ಲಿ ಕೈ ಬಿಡದವನನ್ನು ನೆನೆಯುವ ಹಾಡು ಎತ್ತಿಕೊಂಡೆ. ಬೀದಿ ಬಾಗಿಲು ಹಾರುಹೊಡೆದಿತ್ತು. ಅರ್ಧ ಹಾಡಿರಲಿಲ್ಲ, ಗೇಟಿನ ಹತ್ತಿರ ಇಬ್ಬರು ಬಂದು ನಿಂತರು. ಗಂಡ ಗುರುತು ಹೇಳಿದ್ದ, ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಅಡ್ಡಗಟ್ಟಿದವರು ಇವರೇ. ನನ್ನ ಹಾಡು ತಡವರಿಸಿತು. ಅಜ್ಜಿ ಕೈ ಹಿಡಿದುಕೊಂಡು "ನಿಲ್ಸ್‌ಬ್ಯಾಡ" ಎಂದಳು.

ಓನರ್ ಗೇಟಿನತ್ತ ಹೋದರು. ನಾನು ಹಾಡುತ್ತಲೇ ಕಿವಿಯನ್ನು ಅತ್ತ ಇಟ್ಟಿದ್ದೆ. "ಏನಣ್ಣ ಇದು, ನಿಮ್ಮನೆ ಒಳಕ್ಕೇ ಬಂದ್ಬುಟ್ರಾ? ಮೊದ್ಲು ಖಾಲಿ ಮಾಡ್ಸಿ" ಎಂದ ಒಬ್ಬ. ಓನರ್ ದನಿ ಏರಿಸಲಿಲ್ಲ.

"ನಮ್ಮವ್ವ ಹಾಡು ಕೇಳ್ತಾವ್ಳೆ ಕಣ್ರಪ್ಪ. ಕೇಳೋದಾದ್ರೆ ಚಪ್ಪಲಿ ಬುಟ್ಟು ಒಳಕ್ಕೆ ಬನ್ನಿ. ಇಲ್ದಿದ್ರೆ ಮುಂದಕ್ಕೋಗಿ."

ಒಬ್ಬ ಗೊಣಗುತ್ತಾ ಹೋದ. ಇನ್ನೊಬ್ಬ ಗೇಟಿನ ಮೇಲೆ ಕೈಯಿಟ್ಟು ಅಲ್ಲೇ ನಿಂತ. ಕೇಳುತ್ತಿದ್ದನೋ, ನಾಳೆ ಏನು ಮಾಡಬೇಕೆಂದು ಯೋಚಿಸುತ್ತಿದ್ದನೋ, ನನಗಂತೂ ತಿಳಿಯಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಆದರೂ ಎಂಥ ಸಂತೋಷ ಅಂತೀರಿ! ಬಚ್ಚಿಟ್ಟುಕೊಂಡಾಗ ಬತ್ತಿಹೋದದ್ದು, ಇನ್ನೊಬ್ಬರಿಗೆ ಕೊಟ್ಟ ಕೂಡಲೇ ಎದೆ ತುಂಬಿ ಬಂದಿತ್ತು. ಅದು ಇವತ್ತಿಗೂ ಇಳಿದಿಲ್ಲ. ಹಾಡು ಮುಗಿಯಿತು. ಅವನು ಇನ್ನೂ ನಿಂತೇ ಇದ್ದ. ಗೇಟಿನವರೆಗೂ ಕೇಳಲಿ ಎಂದು ಎರಡನೆಯದನ್ನು ದನಿ ಎತ್ತಿ ಶುರು ಮಾಡಿದೆ.