ನಾಯಕಿಗೆ ಕೆಮ್ಮು ಬಂದ ಮೇಲೆ

ಕಾದಂಬರಿಗಳ ವಿಷಯದಲ್ಲಿ ನಾನು ಸ್ವಲ್ಪ ಉದ್ಧಟಳು. ಓದುವುದು ಅರ್ಧ, ಅಭಿಪ್ರಾಯ ಕೊಡುವುದು ಪೂರ್ತಿ. ಕನ್ನಡ ಸಂಘವೊಂದರ ಲೈಬ್ರರಿಯಿಂದ ಹದಿನೈದು ದಿನಕ್ಕೊಂದು ಪುಸ್ತಕ ತರುತ್ತೇನೆ. ಸಯನ್‌ನಲ್ಲಿ ಲೋಕಲ್ ರೈಲು ಹತ್ತಿ ಫೋರ್ಟಿನ ಆಫೀಸಿಗೆ ಹೋಗುವಾಗ ಲೇಡೀಸ್ ಡಬ್ಬಿಯಲ್ಲಿ ನಿಂತೋ ಕೂತೋ ಓದುತ್ತೇನೆ. ಎಲ್ಲಿ ಬೇಸರ ಬಂತೋ ಅಲ್ಲಿ ಗುಲಾಬಿ ಬಣ್ಣದ ಲಾಂಡ್ರಿ ಚೀಟಿಯೊಂದನ್ನು ಸಿಕ್ಕಿಸಿ ಮುಚ್ಚಿಬಿಡುತ್ತೇನೆ. ಮುಂದಿನದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಕಾಗುವುದಿಲ್ಲ.

ಈ ವರ್ಷ ಓದಿದ ಒಂದರಲ್ಲಿ ನಾಯಕ ಮೂರು ಅಧ್ಯಾಯ ಕಿಟಕಿಯ ಬಳಿ ನಿಂತು ಯೋಚಿಸಿದ. ನಾನು ನಿಂತಿದ್ದಲ್ಲಿ ಕಿಟಕಿಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಅವನನ್ನು ಅಲ್ಲೇ ಬಿಟ್ಟೆ. ಇನ್ನೊಂದರಲ್ಲಿ ಒಂದೇ ಮನೆಯ ಹದಿನಾಲ್ಕು ಜನ ಊಟ ಮಾಡುತ್ತ ಜಗಳವಾಡುತ್ತಾರೆ. ಜಗಳ ಚೆನ್ನಾಗಿತ್ತು. ಅದನ್ನು ಓದಿ ನಗುತ್ತಿದ್ದಾಗಲೇ ಪಕ್ಕದಲ್ಲಿ ಕೂತ ಹೆಂಗಸು, “ಏನ್ ಬರದಾರ್ರಿ ಅದರಾಗ?” ಎಂದು ಕೇಳಿದ್ದು.

ನಾನು ಉಡುಪಿ ಕಡೆಯವಳು, ಆಕೆ ಬಾಗಲಕೋಟೆ ಕಡೆಯವಳು. ಮನೆ ಆಂಟಾಪ್ ಹಿಲ್, ಕೆಲಸ ಫೋರ್ಟಿನ ಬಿಲ್ಡಿಂಗ್ ಒಂದರಲ್ಲಿ ಕಸ ಗುಡಿಸಿ ಒರೆಸುವುದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಹದಿನಾಕ ಮಂದಿ ಉಂಡ ಬಾಂಡೆ ಯಾರ್ ತಿಕ್ಕತಾರ್ರಿ?” ಎಂದಳು. ಹುಡುಕಿ ನೋಡಿದೆ. ಆ ಕಾದಂಬರಿಯಲ್ಲಿ ಪಾತ್ರೆ ತೊಳೆಯುವವರೇ ಇರಲಿಲ್ಲ. ಅಷ್ಟು ಸರಿಯಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಅಂದಿನಿಂದ ಬೆಳಿಗ್ಗೆ ಅವಳಿಗೆ ಕಥೆ ಹೇಳುವುದು ರೂಢಿಯಾಯಿತು. ಮೂರನೆಯ ಕಾದಂಬರಿ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವ ವಿಧವೆಯದು. ಬಯಲುಸೀಮೆಯ ಊರು, ಗಟ್ಟಿ ಹೆಂಗಸು. ನನಗೂ ಹಿಡಿಸಿತ್ತು. ಆದರೆ ನಡುವೆ ಎಲ್ಲೋ ಅವಳಿಗೆ ಕೆಮ್ಮು ಶುರುವಾಯಿತು. ನಮ್ಮ ಕಾದಂಬರಿಗಳಲ್ಲಿ ನಾಯಕಿಗೆ ಕೆಮ್ಮು ಬಂತೆಂದರೆ ಮುಗಿಯಿತು. ಚೀಟಿ ಸಿಕ್ಕಿಸಿದೆ. ಮರುದಿನ ಆಕೆ ಮುಂದೇನಾಯಿತೆಂದು ಕೇಳಿದ್ದಕ್ಕೆ, “ಸತ್ತು ಹೋದ್ಲು ಮಾರಾಯ್ತಿ, ಮತ್ತೇನು?” ಎಂದೆ.

ಎರಡು ದಿನ ಆಕೆ ರೈಲಿನಲ್ಲಿ ಕಾಣಲಿಲ್ಲ. ಮೂರನೆಯ ದಿನ ಬಂದು ಕೂತವಳು ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡಿದಳು.

“ಖರೇನ ಸತ್ಲೇನ್ರಿ ಆಕಿ? ನಿಮ್ಮ ಗುಲಾಬಿ ಚೀಟಿ ಇನ್ನೂ ನಡುವಽ ಐತೆಲ್ಲ.”

ಆಮೇಲೆ ವಿಷಯ ತಿಳಿಯಿತು. ಅವಳ ಅಕ್ಕ ಎದೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಯಲ್ಲಿದ್ದಳು. ನಾನು ಬೆಳಿಗ್ಗೆ ಹೇಳಿದ್ದನ್ನು ಇವಳು ಸಂಜೆ ಅಕ್ಕನಿಗೆ ಹೇಳುತ್ತಿದ್ದಳಂತೆ. ಕಥೆ ಕೇಳುತ್ತ ಅಕ್ಕ ಎರಡು ತುತ್ತು ಹೆಚ್ಚು ತಿನ್ನುತ್ತಿದ್ದಳು. ಖಾನಾವಳಿಯವಳು ಕೆಮ್ಮಿ ಸತ್ತಳೆಂದು ಕೇಳಿದ ಸಂಜೆಯಿಂದ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಊಟ ಮುಟ್ಟಿಲ್ಲ.

ನನಗೆ ನಾಚಿಕೆಯಾಯಿತು. “ಪೂರ್ತಿ ಓದಿಲ್ಲ, ನಾಳೆ ಹೇಳ್ತೇನೆ” ಎಂದೆ. ಆ ದಿನ ಲಂಚ್‌ನಲ್ಲಿ ಆಫೀಸಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತು ಉಳಿದ ಪುಟಗಳನ್ನೆಲ್ಲ ಓದಿದೆ. ಇಡ್ಲಿ ತಣ್ಣಗಾಯಿತು. ಕೊನೆಯ ಪುಟದಲ್ಲಿ ನಾಯಕಿ ಸತ್ತಳು. ನನ್ನ ಊಹೆ ಅಕ್ಷರಶಃ ಸರಿಯಾಗಿತ್ತು, ಅದರಿಂದ ಇಷ್ಟು ಕಿರಿಕಿರಿ ಯಾವತ್ತೂ ಆಗಿರಲಿಲ್ಲ.

ಮರುದಿನ ಪುಸ್ತಕ ತೆಗೆದು ತೋರಿಸಿದೆ. ಚೀಟಿ ಕಟ್ಟಕಡೆಯ ಪುಟದಲ್ಲಿತ್ತು.

“ನೋಡಿ, ಈಗ ಪೂರ್ತಿ ಓದಿದೆ. ಬದುಕಿದ್ದಾಳೆ.”

ಅವಳು ಚೀಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಹ್ಯಾಂಗ ಬದುಕಿದ್ಲು? ಅದನ್ನ ಹೇಳ್ರಿ. ಅಕ್ಕ ಬಿಡಂಗಿಲ್ಲ, ಕೇಳ್ತಾಳ.”

ಹ್ಯಾಗೆ ಬದುಕಿದಳೆಂದು ನಾನು ಯೋಚಿಸಿರಲಿಲ್ಲ. ದಾದರ್ ಬರುವ ಹೊತ್ತಿಗೆ ಕಥೆಯೊಳಗೆ ಒಬ್ಬ ಡಾಕ್ಟರನ್ನು ತಂದೆ. ಭಾಯಖಳಾ ಸ್ಟೇಷನ್ನಿನಲ್ಲಿ ಅವನನ್ನು ಕೈಬಿಟ್ಟೆ, ಯಾಕೆಂದರೆ ಅವನು ಪ್ರೀತಿಸಲು ಹೊರಟಿದ್ದ. ಕಾದಂಬರಿಕಾರರ ಕಷ್ಟ ನನಗೆ ಗೊತ್ತಾಗಿದ್ದು ಆ ದಿನವೇ. ನಾಯಕಿಯನ್ನು ಕೊಲ್ಲುವುದು ಸುಲಭ. ಬದುಕಿಸಿದರೆ ನಾಳೆ ಬೆಳಿಗ್ಗೆ ಅವಳಿಗೆ ಏನಾದರೂ ಕೆಲಸ ಕೊಡಬೇಕು. ನಾನು ಅವಳನ್ನು ಖಾನಾವಳಿಗೆ ವಾಪಸು ಕರೆತಂದೆ. ಒಲೆ ಹಚ್ಚಿಸಿದೆ. ಗಿರಾಕಿಗಳೊಂದಿಗೆ ಜಗಳ ಮಾಡಿಸಿದೆ. ಏನೂ ತೋಚದ ದಿನ ಕಡಲೆಹಿಟ್ಟಿನ ಝುಣಕವೋ ಮತ್ತೊಂದೋ ಅಡುಗೆ ಮಾಡಿಸಿದೆ. ಸುಮಾರು ಮೂರು ವಾರ ಹೀಗೇ ಎಳೆದೆ. ಬಾಂಡೆ ತಿಕ್ಕಲು ಮರೆಯದೆ ಒಬ್ಬಳನ್ನು ಇಟ್ಟಿದ್ದೆ.

ಒಂದು ಸೋಮವಾರ ಅವಳು ಹೊಸ ಬಳೆ ತೊಟ್ಟು ಬಂದಳು. “ಅಕ್ಕಗ ನಿನ್ನೆ ಡಿಸ್ಚಾರ್ಜ್ ಆತ್ರಿ. ಮನಿಗೆ ಕರಕೊಂಡ ಬಂದ್ವಿ.”

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಚಟ, “ಕಥೆ ಹೇಗನ್ನಿಸಿತಂತೆ ಅಕ್ಕನಿಗೆ?” ಎಂದು ಕೇಳಿಯೇಬಿಟ್ಟೆ.

“ಮದ್ಲಿನ ಅರ್ಧ ಭಾಳ ಛಲೋ ಐತಿ, ಆಮ್ಯಾಲಿಂದ ಎಳದಾರ ಅಂದ್ಲ್ರಿ.” ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮತ್ತ, ಝುಣಕಕ್ಕ ಯಾರರೆ ತೆಂಗಿನಕಾಯಿ ರುಬ್ಬಿ ಹಾಕತಾರೇನು? ಮದ್ಲ ಬರದಾಂವ ಬ್ಯಾರೆ, ಈ ಕಡೀದು ಬರದಾಕಿ ಯಾರೋ ಉಡುಪಿ ಕಡಿಯಾಕಿನ ಇರಬೇಕು ಅಂದ್ಲು.”

ನಾನು ಬಾಗಿಲಿನ ಕಡೆ ನೋಡಿದೆ. ಮಸ್ಜಿದ್ ಸ್ಟೇಷನ್ ಬಂತು, ಇಬ್ಬರು ಇಳಿದರು, ನಾಲ್ವರು ಹತ್ತಿದರು.

“ಯಾವಾಗ ಗೊತ್ತಾಯ್ತು?”

“ಎರಡನೇ ದಿನಾನ.”

“ಮತ್ತೆ ಯಾಕೆ ಕೇಳ್ತಿದ್ರಿ?”

“ಬೈಕೋತ ಬೈಕೋತ ಉಣ್ತಿದ್ಲ್ರಿ” ಎಂದಳು. “ದಿನಾ.”